ಜಾಗಕ್ಕೂ ಒಂದು ಜಾತಕವಿದೆ



ನಿವೃತ್ತಿಯ ಹಣವೋ, ಮಗ ಗಲ್ಫಿನಿಂದ ಕಳುಹಿಸಿದ್ದೋ, ಅಡಿಕೆ ಮಾರಿದ ದುಡ್ಡೋ, ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ನಮ್ಮ ಕಡೆಯವರ ಮನಸ್ಸು ಮಣ್ಣಿನತ್ತ ಹೋಗುತ್ತದೆ. "ಹತ್ತು ಸೆಂಟ್ಸು ಜಾಗ ತೆಗೆದಿಟ್ಟರೆ ಮುಂದಕ್ಕಾದೀತು" ಎನ್ನುತ್ತೇವೆ. ದಲ್ಲಾಳಿ ರಸ್ತೆ ತೋರಿಸುತ್ತಾನೆ, ಬಾವಿ ತೋರಿಸುತ್ತಾನೆ, ಸೆಂಟ್ಸಿಗೆ ಎಷ್ಟೆಂದು ಹೇಳುತ್ತಾನೆ. ಜಾಗದ ಚರಿತ್ರೆಯನ್ನು ಮಾತ್ರ ಹೇಳುವುದಿಲ್ಲ. ಮದುವೆಗೆ ಜಾತಕ ನೋಡುವ ನಾವು ಜಾಗದ ಜಾತಕವನ್ನೂ ನೋಡಬೇಡವೇ? ಕಾಸರಗೋಡಿನ ಮಣ್ಣಿನ ಜಾತಕ ತುಸು ಜಟಿಲವಾದದ್ದೇ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಕೆನರಾ ಸೀಮೆ ಕಂಪೆನಿ ಸರಕಾರದ ಕೈಸೇರಿತು. ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿ ಭೂಮಿ ಖಾಸಗಿ ಸ್ವತ್ತಾಗಿರುವುದನ್ನು ಕಂಡು ವರದಿ ಮಾಡಿದ. ಮುಂದೆ ರೈತವಾರಿ ಪದ್ಧತಿ ನೆಲೆಯೂರಿತು. ವರ್ಗದಾರ ಸರಕಾರಕ್ಕೆ ನೇರವಾಗಿ ತೀರ್ವೆ ಕಟ್ಟುತ್ತಿದ್ದ. ಅವನ ಕೆಳಗೆ ಶಾಶ್ವತ ಹಕ್ಕಿನ ಮೂಲಗೇಣಿ ಒಕ್ಕಲು. ಇನ್ನೊಂದು ಕಡೆ, ಯಜಮಾನ ಬೇಡವೆಂದರೆ ಎದ್ದು ಹೋಗಬೇಕಾದ ಚಾಲಗೇಣಿ ಒಕ್ಕಲು. ಇದರ ಮೇಲೆ ಸಾಲಕ್ಕೆ ಬರೆದುಕೊಟ್ಟ ಅಡವು. ಹೀಗೆ ಒಂದೇ ಗದ್ದೆಯ ಮೇಲೆ ಮೂರು ನಾಲ್ಕು ಮಂದಿಯ ಹಕ್ಕು ಕೂತಿರುತ್ತಿತ್ತು.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಸೇರಿತು. ಅಂದಿನಿಂದ ದಾಖಲೆಯ ಭಾಷೆಯೂ ಬದಲಾಯಿತು, ಕಾನೂನೂ ಬದಲಾಯಿತು. 1961ರಲ್ಲಿ ಕೇರಳದ ಕೃಷಿ ಸಂಬಂಧ ಕಾನೂನು ಬಂದಾಗ ಅದನ್ನು ಪ್ರಶ್ನಿಸಿ ದಿಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋದವರಲ್ಲಿ ನಮ್ಮ ಸೀಮೆಯ ಹಿಡುವಳಿದಾರರಿದ್ದರು. ಅದೇ ಕರಿಂಬಿಲ್ ಕುಞಿಕೋಮನ್ ಮೊಕದ್ದಮೆ. 1961ರ ಡಿಸೆಂಬರ್ 5ರಂದು ತೀರ್ಪು ಬಂತು. ಹೊಸದುರ್ಗ, ಕಾಸರಗೋಡು ತಾಲೂಕುಗಳ ರೈತವಾರಿ ಭೂಮಿಗೆ ಆ ಕಾನೂನು ಅನ್ವಯಿಸದೆಂದು ನ್ಯಾಯಾಲಯ ಹೇಳಿತು. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ಕೊಟ್ಟ ವಿನಾಯಿತಿಯನ್ನು ಅಡಿಕೆ, ಕರಿಮೆಣಸಿನ ತೋಟಗಳಿಗೆ ಕೊಡದಿರುವುದು ತಾರತಮ್ಯವೆಂದೂ ಹೇಳಿತು.

ಆದರೆ ಗೆದ್ದದ್ದು ಬಹುಕಾಲ ಉಳಿಯಲಿಲ್ಲ. 1964ರಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿ ತಂದು ರೈತವಾರಿ ಭೂಮಿಯನ್ನೂ ಭೂಸುಧಾರಣೆಯ ವ್ಯಾಪ್ತಿಗೆ ಸೇರಿಸಿದರು. 1963ರ ಕೇರಳ ಭೂಸುಧಾರಣಾ ಕಾನೂನಿಗೆ ಒಂಬತ್ತನೇ ಷೆಡ್ಯೂಲಿನ ರಕ್ಷಣೆ ದೊರೆಯಿತು. ಅದರ ತಿದ್ದುಪಡಿಯಂತೆ 1970ರ ಜನವರಿ 1ರಿಂದ ಒಕ್ಕಲಿನ ಕೈಯಲ್ಲಿದ್ದ ಭೂಮಿಯ ಒಡೆಯನ ಹಕ್ಕು ಸರಕಾರಕ್ಕೆ ಹೋಯಿತು. ಲ್ಯಾಂಡ್ ಟ್ರಿಬ್ಯೂನಲಿನಿಂದ ಕ್ರಯ ಸರ್ಟಿಫಿಕೇಟು ಪಡೆದು ಒಕ್ಕಲು ಒಡೆಯನಾದ. ಎಷ್ಟೋ ಮನೆಗಳಲ್ಲಿ ಅದು ದೀಪ ಹಚ್ಚಿದ ದಿನ. ಇನ್ನೆಷ್ಟೋ ಮನೆಗಳಲ್ಲಿ ಕಣ್ಣೀರಿನ ದಿನ. ಇಬ್ಬರೂ ನಮ್ಮವರೇ.

ಈ ಹಳೇ ಕಥೆ ಈಗ ಯಾಕೆಂದು ನೀವು ಕೇಳಬಹುದು. ಬ್ಯಾಂಕಿನಲ್ಲಿ ಸಾಲದ ಕಡತ ಕಟ್ಟುತ್ತಿದ್ದ ನನ್ನ ಅನುಭವದಲ್ಲಿ, ಜಾಗದ ತಂಟೆಗಳ ಬೇರು ಇರುವುದು ಈ ಕಥೆಯಲ್ಲೇ. ಆದ್ದರಿಂದ ಹೊಸದಾಗಿ ಜಾಗಕ್ಕೆ ಹಣ ಹಾಕುವವರು ನಾಲ್ಕು ಪ್ರಶ್ನೆ ಕೇಳಲೇಬೇಕು.

ಒಂದು, ಮಾರುವವನಿಗೆ ಹಕ್ಕು ಎಲ್ಲಿಂದ ಬಂತು? ಈಗಿನ ಆಧಾರ ಮಲಯಾಳದಲ್ಲಿರಬಹುದು. ಅದರ ಹಿಂದಿನದು, ಅದರ ಹಿಂದಿನದು ಎಂದು ಹೋದರೆ ಕೊನೆಗೆ ಸಿಗುವುದು ಕನ್ನಡದ ಮೋಡಿ ಅಕ್ಷರದ ಕಾಗದ. ಅದರಲ್ಲಿ "ಚಾಲಗೇಣಿ" ಎಂದಿದ್ದರೆ ಟ್ರಿಬ್ಯೂನಲಿನ ಸರ್ಟಿಫಿಕೇಟು ಎಲ್ಲಿ ಎಂದು ಕೇಳಿ. ಪಾಲಿನ ಜಾಗವಾದರೆ ಅಕ್ಕತಂಗಿಯರ ಸಹಿಯೂ ಇದೆಯೇ ನೋಡಿ.

ಎರಡು, ಎಷ್ಟು ಜಾಗ ನಿಜವಾಗಿ ಪಟ್ಟಾದ್ದು? ವರ್ಗದ ಸುತ್ತ 100 ಗಜದೊಳಗಿನ ಕುಮ್ಕಿಯಿಂದ ಸೊಪ್ಪು, ಸೌದೆ ತರುವ ಸವಲತ್ತು ನಮ್ಮ ಹಿರಿಯರಿಗಿತ್ತು. ಸವಲತ್ತು ಬೇರೆ, ಒಡೆತನ ಬೇರೆ. ಬೇಲಿಯೊಳಗಿದ್ದ ಮಾತ್ರಕ್ಕೆ ಕುಮ್ಕಿ ಪಟ್ಟಾಜಾಗವಾಗದು.

ಮೂರು, ಅದು ಗದ್ದೆಯೇ? ಬೈಲು, ಮಜಲು, ಬೆಟ್ಟು ಎಂದು ಅಜ್ಜಂದಿರು ವಿಂಗಡಿಸಿದ್ದು ಸುಮ್ಮನೆ ಅಲ್ಲ. 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾನೂನಿನಂತೆ ಡಾಟಾ ಬ್ಯಾಂಕಿಗೆ ಸೇರಿದ ಗದ್ದೆಗೆ ಮನಬಂದಂತೆ ಮಣ್ಣು ತುಂಬುವ ಹಾಗಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಮೇಲೆ ಮನೆಗೆ ಅನುಮತಿ ಸಿಗದಿದ್ದರೆ ಹಣ ಕೆಸರಿನಲ್ಲಿ ಹೂತ ಹಾಗೆ.

ನಾಲ್ಕು, ಕಾಗದಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ? ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ವಿಲೇಜಿನ ತಂಡಪೇರು ಮತ್ತು ತೀರ್ವೆ ರಶೀದಿ, ಸರ್ವೆ ನಂಬ್ರ, ಗಡಿಕಲ್ಲು ಒಂದೇ ಮಾತು ಹೇಳಬೇಕು. ಕಾಗದದಲ್ಲಿ ಆರ್ ಲೆಕ್ಕ, ಬಾಯಲ್ಲಿ ಸೆಂಟ್ಸು ಲೆಕ್ಕ. ಒಂದು ಆರ್ ಎಂದರೆ ಸುಮಾರು 2.47 ಸೆಂಟ್ಸು. 2022ರ ನವೆಂಬರ್ 1ರಂದು ಕೇರಳದಲ್ಲಿ ಡಿಜಿಟಲ್ ಸರ್ವೆ ಆರಂಭವಾಗಿದೆ. ಹೊಸ ಅಳತೆಗೂ ಹಳೇ ಆಧಾರಕ್ಕೂ ವ್ಯತ್ಯಾಸವಿದ್ದರೆ ಮುಂಗಡ ಕೊಡುವ ಮೊದಲೇ ಸರಿಪಡಿಸಿಕೊಳ್ಳಿ.

ಖರ್ಚನ್ನೂ ಮರೆಯಬೇಡಿ. ಕೇರಳದಲ್ಲಿ ಮುದ್ರಾಂಕಕ್ಕೆ ನೂರಕ್ಕೆ 8, ನೋಂದಣಿಗೆ 2. ಹತ್ತು ಲಕ್ಷದ ಜಾಗಕ್ಕೆ ಒಂದು ಲಕ್ಷ ಅಲ್ಲೇ ಹೋಯಿತು. ಇನ್ನೊಂದು ಮಾತು: ಕಷ್ಟಕಾಲಕ್ಕೆ ಠೇವಣಿ ಮುರಿಯಬಹುದು, ಆಸ್ಪತ್ರೆಯ ಬಿಲ್ಲಿಗಾಗಿ ಅರ್ಧ ಸೆಂಟ್ಸು ಜಾಗವನ್ನು ರಾತ್ರೋರಾತ್ರಿ ಮಾರಲಾಗದು. ಕೈಯಲ್ಲಿರುವುದನ್ನೆಲ್ಲ ಮಣ್ಣಿಗೆ ಸುರಿಯಬೇಡಿ; ಸಾಲ ಮಾಡಿ ಜಾಗ ಕಾಯುವುದಂತೂ ಬೇಡ.

ಮಲಯಾಳ ಮಾಧ್ಯಮದಲ್ಲಿ ಓದಿದ ನಮ್ಮ ಮೊಮ್ಮಕ್ಕಳಿಗೆ ಅಜ್ಜನ ಕಾಲದ ಕಾಗದ ಓದಲು ಬರುವುದಿಲ್ಲ. ಓದಬಲ್ಲ ಹಿರಿಯರು ಊರಿಗೆ ಒಬ್ಬಿಬ್ಬರು ಉಳಿದಿದ್ದಾರೆ. ಮನೆಯ ಪೆಟ್ಟಿಗೆಯಲ್ಲಿರುವ ಆ ಕಟ್ಟನ್ನು ಗೆದ್ದಲಿಗೆ ಬಿಡದೆ ಈಗಲೇ ಬಿಚ್ಚಿ, ಅವರಿಂದ ಓದಿಸಿ, ಬೇರೆ ಹಾಳೆಯಲ್ಲಿ ಬರೆದಿಡಿ. ಹೊಸ ಜಾಗ ಕೊಳ್ಳುವುದಕ್ಕಿಂತ ಮೊದಲು ಇದ್ದ ಜಾಗದ ಹಕ್ಕು ಉಳಿಸಿಕೊಳ್ಳುವುದೂ ಒಂದು ಸಂಪಾದನೆಯೇ.