ಶಿಪ್ ಪ್ರಯೋಗದ ರೀಡ್‌ಔಟ್ ಎಲೆಕ್ಟ್ರಾನಿಕ್ಸ್
ಸರ್ನ್ 2024ರಲ್ಲಿ ಒಪ್ಪಿಗೆ ನೀಡಿದ ಶಿಪ್ ಪ್ರಯೋಗದಲ್ಲಿ, ಶೋಧಕಗಳಲ್ಲಿ ಹುಟ್ಟುವ ಕ್ಷೀಣ ವಿದ್ಯುತ್ ಸ್ಪಂದನಗಳನ್ನು ವರ್ಧಿಸಿ, ಅಂಕಿಗಳಾಗಿಸಿ, ಕಂಪ್ಯೂಟರುಗಳಿಗೆ ತಲುಪಿಸುವ ವ್ಯವಸ್ಥೆ. ಸಾಮಾನ್ಯ ದ್ರವ್ಯದೊಡನೆ ಅತಿ ದುರ್ಬಲ ನಂಟುಳ್ಳ ಡಾರ್ಕ್ ಫೋಟಾನ್, ಭಾರದ ತಟಸ್ಥ ಲೆಪ್ಟಾನ್‌ಗಳಂಥ ಗುಪ್ತ ಕಣಗಳ ಹುಡುಕಾಟ ಶಿಪ್‌ನ ಉದ್ದೇಶ. ಎಸ್‌ಪಿಎಸ್ ವೇಗವರ್ಧಕದಿಂದ 400 ಜಿಇವಿ ಪ್ರೋಟಾನ್‌ಗಳು ಸುಮಾರು 1 ಸೆಕೆಂಡಿನ ಕಂತುಗಳಲ್ಲಿ ಲೋಹದ ಗುರಿಗೆ ಬಡಿಯಲಿವೆ. ಒಂದು ಕಂತಿಗೆ ಸುಮಾರು 4×10¹³.

ವಿನ್ಯಾಸದ ಮುಖ್ಯ ಲಕ್ಷಣ, ಇಲ್ಲಿ ಹಾರ್ಡ್‌ವೇರ್ ಟ್ರಿಗರ್ ಇಲ್ಲದಿರುವುದು. ಯಾವ ಘಟನೆ ಉಳಿಯಬೇಕು ಎಂದು ಸರ್ಕ್ಯೂಟ್ ಅವಸರದಲ್ಲಿ ತೀರ್ಮಾನಿಸುವುದಿಲ್ಲ. ಮಿತಿ ದಾಟಿದ ಪ್ರತಿ ಸ್ಪಂದನವೂ ಸಮಯದ ಗುರುತು ಹೊತ್ತು ಹೊರಡುತ್ತದೆ, ಆಯ್ಕೆ ಸಾಫ್ಟ್‌ವೇರ್‌ನದು. ಹುಡುಕುವ ಕಣದ ರೂಪವೇ ತಿಳಿಯದಿರುವಾಗ ಇದು ಸರಿಯಾದ ದಾರಿ.

ಸಮಯದ ನಿಖರತೆಯೇ ಈ ವ್ಯವಸ್ಥೆಯ ಜೀವಾಳ. ಪ್ರೋಟಾನ್‌ಗಳು ಗುರಿಗೆ ಬಡಿದಾಗ ಹುಟ್ಟುವ, ಬೇರೆಬೇರೆ ಮೂಲದ ಎರಡು ಮ್ಯುವಾನ್‌ಗಳು ಹತ್ತಿರ ಹತ್ತಿರ ಹಾದುಹೋದರೆ, ಒಂದೇ ಗುಪ್ತ ಕಣ ಒಡೆದು ಹುಟ್ಟಿದ ಜೋಡಿಯಂತೆ ಕಾಣುತ್ತವೆ. ಅವನ್ನು ಬೇರ್ಪಡಿಸಲು ಸಮಯ ಶೋಧಕಕ್ಕೆ 100 ಪಿಕೋಸೆಕೆಂಡಿಗಿಂತ ಉತ್ತಮ ನಿಖರತೆ ಬೇಕು. ಅಷ್ಟು ಹೊತ್ತಿನಲ್ಲಿ ಬೆಳಕು ಸಾಗುವುದು 3 ಸೆಂ.ಮೀ. ಮಾತ್ರ. ಆದ್ದರಿಂದ ಎಲ್ಲ ಬೋರ್ಡುಗಳಿಗೂ ಒಂದೇ ಗಡಿಯಾರದ ಮಿಡಿತ ತಲುಪಿಸಬೇಕಾಗುತ್ತದೆ.