ಹತ್ತು ಸುತ್ತು, ನಡುವೆ ಎರಡು ನಿಮಿಷ

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಗೆದ್ದು, ಓಟಕ್ಕೆ ವಿದಾಯ ಹೇಳಿ ವೈದ್ಯನಾಗುವುದು ಲಂಡನ್ನಿನ ವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್‌ನ ಲೆಕ್ಕಾಚಾರವಾಗಿತ್ತು. ಸಿಕ್ಕಿದ್ದು ನಾಲ್ಕನೇ ಸ್ಥಾನ. ಪತ್ರಿಕೆಗಳು ಜಾಡಿಸಿದವು. ಆಗ ಅವನು ಗುರಿ ಬದಲಿಸಿದ: ನಾಲ್ಕು ನಿಮಿಷದೊಳಗೆ ಒಂದು ಮೈಲಿ.

ಗುರಿ ದೊಡ್ಡದು, ದಿನದ ಕೆಲಸ ಮಾತ್ರ ಚಿಕ್ಕದು. ಸೇಂಟ್ ಮೇರೀಸ್ ಆಸ್ಪತ್ರೆಯ ಪಾಠಗಳ ನಡುವೆ, ಮಧ್ಯಾಹ್ನದ ಬಿಡುವಿನಲ್ಲಿ ಪ್ಯಾಡಿಂಗ್ಟನ್ ಮೈದಾನಕ್ಕೆ ಹೋಗಬೇಕು. ಕಾಲು ಮೈಲಿಯಂತೆ ಹತ್ತು ಸುತ್ತು, ನಡುನಡುವೆ ಎರಡು ನಿಮಿಷ ವಿರಾಮ. 1953ರ ಡಿಸೆಂಬರ್‌ನಲ್ಲಿ ಸುತ್ತಿಗೆ 66 ಸೆಕೆಂಡು ಹಿಡಿಯುತ್ತಿದ್ದುದು ಏಪ್ರಿಲ್ ಹೊತ್ತಿಗೆ 61ಕ್ಕೆ ಇಳಿದು ಅಲ್ಲೇ ಕಚ್ಚಿಕೊಂಡಿತು. ಬೇಕಾದದ್ದು 60ಕ್ಕಿಂತ ಕಡಿಮೆ. ಮತ್ತಷ್ಟು ಓಡುವ ಬದಲು ಗೆಳೆಯ ಕ್ರಿಸ್ ಬ್ರಾಶರ್ ಜೊತೆ ಸ್ಕಾಟ್ಲೆಂಡಿಗೆ ಬಂಡೆ ಹತ್ತಲು ಹೋದ. ಅಲ್ಲಿ ಕಾಲು ಉಳುಕಿದ್ದರೆ ಐದು ತಿಂಗಳ ದುಡಿಮೆ ನೀರುಪಾಲಾಗುತ್ತಿತ್ತು, ಅದು ಬೇರೆ ಮಾತು. ಮರಳಿ ಬಂದಾಗ 59.

1954ರ ಮೇ 6ರ ಬೆಳಿಗ್ಗೆ ಆಸ್ಪತ್ರೆಯಲ್ಲೇ ಶೂ ಮೊಳೆಗಳನ್ನು ಮಸೆದು, ಗ್ರಾಫೈಟ್ ಹಚ್ಚಿ ಆಕ್ಸ್‌ಫರ್ಡಿನ ರೈಲು ಹತ್ತಿದ. ಸಂಜೆ ಗಾಳಿ ತಗ್ಗಿತು. ಮೊದಲು ಬ್ರಾಶರ್, ಬಳಿಕ ಕ್ರಿಸ್ ಚಾಟವೇ ಮುಂದೆ ಓಡಿ ವೇಗ ಕಾಯ್ದುಕೊಟ್ಟರು. 3 ನಿಮಿಷ 59.4 ಸೆಕೆಂಡು!

ಆ ದಾಖಲೆ ಉಳಿದದ್ದು 46 ದಿನ. ಮುರಿದವನು ಆಸ್ಟ್ರೇಲಿಯಾದ ಜಾನ್ ಲ್ಯಾಂಡಿ. ಆಗಸ್ಟ್‌ನಲ್ಲಿ ವ್ಯಾಂಕೂವರಿನಲ್ಲಿ ಅವನನ್ನೂ ಹಿಂದಿಕ್ಕಿದ ಬ್ಯಾನಿಸ್ಟರ್, ಆ ವರ್ಷವೇ ಓಟ ಬಿಟ್ಟು ಮುಂದೆ ನರರೋಗ ತಜ್ಞನಾದ.