ಕಾಫಿ ‘ಬೀನ್ಸ್’ ನಿಜವಾಗಿಯೂ ಬೀನ್ಸಾ? ಚೆರ್ರಿ, ಪಾರ್ಚ್‌ಮೆಂಟ್, ಸೀಡ್: ಯಾವುದಕ್ಕೆ ಯಾವ ಪದ?

“ಕಾಫಿ ಕೂಡ ಬೀನ್ಸ್, ಅಂದರೆ ಕಾಳು. ಕಾಳಿನಷ್ಟೇ ಪ್ರೋಟೀನ್ ಇದರಲ್ಲೂ ಇದೆ.” ಇಂಥ ಮಾತು ತಮಾಷೆಗೋ ನಿಜವಾಗಿಯೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕಾಫಿಗೆ ಇಂಗ್ಲಿಷಿನಲ್ಲಿ ಬೀನ್ ಎನ್ನುವುದು ನಿಜ. ಆದರೆ ಕಾಫಿ ಬೀನ್ಸ್ ಅಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ತೋಟ ಇರುವವರಿಗೆ ಇದು ಬರೀ ಪದದ ಪ್ರಶ್ನೆಯಲ್ಲ. ಇಲ್ಲಿ ಪದ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ.

ಬೀನ್ಸ್ ಯಾಕಲ್ಲ?

ಹುರುಳಿಕಾಯಿ, ಅವರೆ, ತೊಗರಿ, ಅಲಸಂದೆ ಇವೆಲ್ಲ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದವು. ಕಾಫಿ ಸೇರುವುದು ರುಬಿಯೇಸಿ ಎಂಬ ಬೇರೆಯೇ ಕುಟುಂಬಕ್ಕೆ. ನಮ್ಮ ಕಾಡಂಚಿನಲ್ಲಿ ಕೆಂಪಗೆ ಅರಳುವ ಕೇಪಳ ಕಾಫಿಯ ಹತ್ತಿರದ ನೆಂಟ, ಅವರೆ ಅಲ್ಲ. ಆಕಾರ ಬೀನ್ಸಿನ ಹಾಗಿದ್ದರೆ ಇಂಗ್ಲಿಷಿನವರು ಬೇರೆ ಗಿಡದ ಬೀಜಕ್ಕೂ ಬೀನ್ ಎನ್ನುತ್ತಾರೆ. ಹರಳು ಬೀಜಕ್ಕೂ ಅಲ್ಲಿ ಕ್ಯಾಸ್ಟರ್ ಬೀನ್ ಎಂಬ ಹೆಸರಿದೆ. ನಮ್ಮ ‘ಕಾಫಿ ಬೀಜ’ ಎಂಬ ಮಾತೇ ವಿಜ್ಞಾನಕ್ಕೆ ಹೆಚ್ಚು ಹತ್ತಿರ.

ಇನ್ನು ಪ್ರೋಟೀನ್. ಲೋಟದಲ್ಲಿರುವುದು ಪುಡಿಯ ಕಷಾಯ ಮಾತ್ರ, ಬೀಜವಲ್ಲ. ಬರೀ ಡಿಕಾಕ್ಷನ್‌ನಲ್ಲಿ ಪ್ರೋಟೀನ್ ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಹಾಲು ಹಾಕಿದರೆ ಸಿಗುವುದು ಹಾಲಿನ ಪ್ರೋಟೀನ್.

ಹಾಗಾದರೆ ಚೆರ್ರಿ? ಬೆರ್ರಿ?

ಕಾಫಿ ಹಣ್ಣಿಗೆ ಚೆರ್ರಿ ಎನ್ನುವುದು ಅದರ ಬಣ್ಣ ಮತ್ತು ಗಾತ್ರ ನೋಡಿ. ಕೇಕಿನ ಮೇಲೆ ಇಡುವ ಚೆರ್ರಿ ಗುಲಾಬಿಯ ಕುಟುಂಬದ್ದು. ಸಸ್ಯಶಾಸ್ತ್ರದ ಪ್ರಕಾರ ಕಾಫಿ ಹಣ್ಣು ಬೆರ್ರಿಯೂ ಅಲ್ಲ. ಅದು ಮಾವಿನ ಹಾಗೆ ವಾಟೆ ಇರುವ ಹಣ್ಣು. ಹೊರಗೆ ಸಿಪ್ಪೆ, ಒಳಗೆ ತಿರುಳು ಮತ್ತು ಲೋಳೆ, ಅದರೊಳಗೆ ಗಟ್ಟಿ ಪೊರೆ, ಆಮೇಲೆ ತೆಳುವಾದ ಬೆಳ್ಳಿ ಪೊರೆ, ಕೊನೆಗೆ ಬೀಜ. ಆ ಗಟ್ಟಿ ಪೊರೆಯೇ ಪಾರ್ಚ್‌ಮೆಂಟ್. ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೀಜ ಬೆನ್ನಿಗೆ ಬೆನ್ನು ಕೊಡದೆ, ಚಪ್ಪಟೆ ಮುಖ ಒಂದಕ್ಕೊಂದು ತಾಗಿಸಿ ಕೂತಿರುತ್ತವೆ. ಒಂದೇ ಬೀಜ ಉಂಡೆಯಾಗಿ ಬೆಳೆದರೆ ಅದು ಪೀಬೆರ್ರಿ.

ಮಾರುವಾಗ ಯಾವ ಪದ?

ಇಲ್ಲಿ ಎಚ್ಚರ ಬೇಕು.

ಚೆರ್ರಿ: ಹೊರದೇಶದವರಿಗೆ ಈ ಪದ ಹೇಳಿದರೆ ಗಿಡದಿಂದ ಕೊಯ್ದ ಹಸಿ ಹಣ್ಣು ಎಂದುಕೊಳ್ಳುತ್ತಾರೆ. ನಮ್ಮ ಮಾರುಕಟ್ಟೆಯಲ್ಲಿ ಚೆರ್ರಿ ಎಂದರೆ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ ಹಣ್ಣು. ಹೊರಗಿನವರ ಜೊತೆ ಇಂಗ್ಲಿಷಿನಲ್ಲಿ ವ್ಯವಹರಿಸುವಾಗ ‘ಡ್ರೈ ಚೆರ್ರಿ’ ಎಂದೇ ಬರೆಯಿರಿ.

ಪಾರ್ಚ್‌ಮೆಂಟ್: ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು, ಲೋಳೆ ಬಿಡಿಸಿ ತೊಳೆದು, ಗಟ್ಟಿ ಪೊರೆ ಉಳಿಸಿಕೊಂಡು ಒಣಗಿಸಿದ್ದು.

ಕ್ಲೀನ್ ಕಾಫಿ: ಹೊಟ್ಟು, ಪೊರೆ ಎಲ್ಲ ತೆಗೆದ ಹುರಿಯದ ಬೀಜ. ಹೊರದೇಶದಲ್ಲಿ ಇದನ್ನೇ ಗ್ರೀನ್ ಬೀನ್ ಎನ್ನುತ್ತಾರೆ.

ಚೆರ್ರಿ ಮತ್ತು ಪಾರ್ಚ್‌ಮೆಂಟ್ ಎರಡರ ದರವನ್ನೂ 50 ಕೆಜಿ ಮೂಟೆಗೆ ಹೇಳುವುದು ರೂಢಿ. ಆದರೆ ಎರಡೂ ಮೂಟೆಯಲ್ಲಿ ಬೀಜ ಒಂದೇ ಅಲ್ಲ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಲೆಕ್ಕಕ್ಕೆ ಬಳಸುವ ಅನುಪಾತದ ಪ್ರಕಾರ ಒಣ ಚೆರ್ರಿಯಲ್ಲಿ ಅರ್ಧದಷ್ಟು, ಪಾರ್ಚ್‌ಮೆಂಟ್‌ನಲ್ಲಿ ಶೇ. 80ರಷ್ಟು ಕ್ಲೀನ್ ಕಾಫಿ. ಅಂದರೆ 50 ಕೆಜಿ ಚೆರ್ರಿಗೆ ಸುಮಾರು 25 ಕೆಜಿ, ಅಷ್ಟೇ ಪಾರ್ಚ್‌ಮೆಂಟ್‌ಗೆ ಸುಮಾರು 40 ಕೆಜಿ. ನಿಮ್ಮ ತೋಟದ್ದು ಇದಕ್ಕಿಂತ ತುಸು ಹೆಚ್ಚು ಕಡಿಮೆ ಬರಬಹುದು. “ಕಾಫಿ ರೇಟು ಇಷ್ಟಾಗಿದೆ” ಎಂಬ ಫಾರ್ವರ್ಡ್ ಬಂದರೆ ಮೊದಲು ಕೇಳಬೇಕಾದ್ದು ಇದು: ಅರೇಬಿಕಾನಾ, ರೋಬಸ್ಟಾನಾ? ಚೆರ್ರಿನಾ, ಪಾರ್ಚ್‌ಮೆಂಟಾ?

ಬಿತ್ತನೆಗೆ, ಔಷಧಿಗೆ?

ಬಿತ್ತನೆಗೆ ‘ಬೀನ್ಸ್’ ಕೇಳಬೇಡಿ, ‘ಸೀಡ್ ಕಾಫಿ’ ಎಂದು ಕೇಳಿ. ಇದನ್ನು ಪೊರೆ ಸಮೇತ, ಬೂದಿ ಬೆರೆಸಿ, ನೆರಳಿನಲ್ಲಿ ಆರಿಸಿರುತ್ತಾರೆ. ಹುರಿದ ಬೀಜ ಎಂದಿಗೂ ಮೊಳೆಯದು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಪ್ರಯೋಗ ಕೇಂದ್ರವಾಗಿ ಶುರುವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ತಳಿ ಮತ್ತು ಬಿತ್ತನೆ ಬೀಜದ ಬಗ್ಗೆ ವಿಚಾರಿಸಬಹುದು.

ಔಷಧಿ ಅಂಗಡಿಯಲ್ಲೂ ಹಾಗೆಯೇ. ‘ಬೋರರ್’ ಎಂದಷ್ಟೇ ಹೇಳಿದರೆ ಸಾಲದು. ಬೆರ್ರಿ ಬೋರರ್ ಹಣ್ಣು ಕೊರೆಯುತ್ತದೆ. ವೈಟ್ ಸ್ಟೆಮ್ ಬೋರರ್ ಅರೇಬಿಕಾ ಗಿಡದ ಕಾಂಡ ಕೊರೆಯುತ್ತದೆ. ಎರಡೂ ಬೇರೆ ಹುಳು, ಹತೋಟಿ ಮಾಡುವ ಕ್ರಮವೂ ಬೇರೆ. ಹೆಸರು ಗೊತ್ತಾಗದಿದ್ದರೆ ಕೊರೆದ ಜಾಗದ ಫೋಟೋ ತೋರಿಸಿ.

ಒಟ್ಟಿನಲ್ಲಿ

ಹೋಟೆಲಿನಲ್ಲಿ, ಅಂಗಡಿಯಲ್ಲಿ ‘ಕಾಫಿ ಬೀನ್ಸ್’ ಎನ್ನುವುದರಲ್ಲಿ ತಪ್ಪೇನಿಲ್ಲ, ಅದು ಬಳಕೆಯ ಹೆಸರು. ಆ ಹೆಸರು ನೋಡಿ ಕಾಫಿಯನ್ನು ಕಾಳು ಎಂದುಕೊಳ್ಳುವುದು ತಪ್ಪು. ತೂಕ ಮತ್ತು ದುಡ್ಡಿನ ಮಾತು ಬಂದಾಗಲಂತೂ ಸಿಪ್ಪೆ ಇದೆಯೋ, ಪೊರೆ ಇದೆಯೋ, ಬರೀ ಬೀಜವೋ ಎಂಬುದನ್ನು ಬಿಡಿಸಿ ಹೇಳಿ. ದರದ ಸಂದೇಶದಲ್ಲಿ ಈ ಒಂದು ಪದ ಇಲ್ಲದಿದ್ದರೆ ಮುಂದಕ್ಕೆ ಕಳಿಸುವ ಮೊದಲು ಕೇಳಿ ತಿಳಿದುಕೊಳ್ಳಿ.